ಹಿತ್ತಿಲ ಮಣ್ಣಿನಲ್ಲಿ ಇತಿಹಾಸ

ಇತಿಹಾಸವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಅರಸರ ಪಟ್ಟಿ, ಯುದ್ಧಗಳ ಇಸವಿ, ಕೋಟೆ ಕೊತ್ತಲಗಳ ಚಿತ್ರ. ಪರೀಕ್ಷೆಯ ಹಿಂದಿನ ರಾತ್ರಿ ನಾವು ಬಾಯಿಪಾಠ ಮಾಡುವುದೂ ಇವನ್ನೇ. ಇಂಗ್ಲೆಂಡಿನ ಚರಿತ್ರೆಯನ್ನು ಓದುವಾಗಲೂ ಅಷ್ಟೆ. ಹೆನ್ರಿಗಳೆಷ್ಟು ಮಂದಿ, ಎಡ್ವರ್ಡರೆಷ್ಟು ಮಂದಿ ಎಂದು ಎಣಿಸುವುದರಲ್ಲಿಯೇ ವರ್ಷ ಮುಗಿಯುತ್ತದೆ. ಆ ಎಡ್ವರ್ಡನ ಕಾಲದಲ್ಲಿ ನೇಗಿಲು ಹಿಡಿದವನು ಯಾರು, ಅವನ ಮನೆ ಎಂಥದು, ಅವನ ಹೆಂಡತಿ ಯಾವ ಮಡಕೆಯಲ್ಲಿ ಗಂಜಿ ಕಾಯಿಸಿದಳು ಎಂದು ನಾವು ಕೇಳುವುದಿಲ್ಲ. ಕೇಳಿದರೂ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ.

ನಾನು ಕೇಳಿದ್ದಕ್ಕೆ ಕಾರಣವುಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ತಂದೆಯವರಿಗೆ ಹೆಬ್ಬೆಟ್ಟಿನ ಗುರುತೇ ಸಹಿ. ತಾತನ ಹೆಸರು ಹೊಲದ ಕಾಗದಪತ್ರದಲ್ಲಿದೆ, ಅವರ ತಂದೆಯ ಹೆಸರು ಮನೆಯವರ ನೆನಪಿನಲ್ಲಿದೆ, ಅದರಾಚೆಗೆ ಕತ್ತಲೆ. ಬರೆಹವಿಲ್ಲದವರಿಗೆ ಇತಿಹಾಸವೂ ಇಲ್ಲವೇ? ಈ ಪ್ರಶ್ನೆಗೆ ನನಗೆ ಒಂದು ಉತ್ತರ ದೊರೆತದ್ದು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ನಡೆದ ಪುರಾತತ್ತ್ವ ಶೋಧನೆಗಳನ್ನು ಕುರಿತು ಓದಿದಾಗ. ಆ ದೇಶವನ್ನು ನಾನು ಕಂಡವನಲ್ಲ. ಓದಿ ತಿಳಿದುದನ್ನು ಸಹಪಾಠಿ ಮಿತ್ರರ ಮತ್ತು ಗುರುಗಳ ಮುಂದೆ ಇಡುತ್ತೇನೆ; ತಪ್ಪಿದ್ದರೆ ತಿದ್ದಬೇಕೆಂದು ಪ್ರಾರ್ಥನೆ.

ಇಂಗ್ಲೆಂಡಿನಲ್ಲಿ ಈ ಕೆಲಸ ಸರ್ಕಾರದಿಂದಲೋ ವಿಶ್ವವಿದ್ಯಾಲಯದಿಂದಲೋ ಮೊದಲಾದುದಲ್ಲ. ಊರೂರಿನ ಕುತೂಹಲಿಗಳಿಂದ ಮೊದಲಾಯಿತು. ೧೬೪೯ರ ಚಳಿಗಾಲದಲ್ಲಿ ಜಾನ್ ಆಬ್ರಿ ಎಂಬ ತರುಣನು ಬೇಟೆಗೆಂದು ಹೊರಟವನು ವಿಲ್ಟ್‌ಷೈರ್ ಪ್ರಾಂತದ ಏವ್‌ಬರಿ ಎಂಬ ಹಳ್ಳಿಗೆ ಬಂದನು. ಆ ಹಳ್ಳಿಯ ಮನೆಗಳ ನಡುವೆ, ಹೊಲಗಳ ನಡುವೆ, ಆಳೆತ್ತರದ ಬಂಡೆಗಳು ದೊಡ್ಡದೊಂದು ವೃತ್ತವಾಗಿ ನಿಂತಿದ್ದವು. ಊರಿನವರು ಅವನ್ನು ದಿನವೂ ನೋಡುತ್ತಿದ್ದರು. ಆದರೆ ಅದು ಏನೆಂದು ಕೇಳಿ ಬರೆದಿಟ್ಟವನು ಆಬ್ರಿ. ಮುಂದೆ ೧೭೨೦ರ ಸುಮಾರಿನಲ್ಲಿ ವಿಲಿಯಂ ಸ್ಟೂಕ್ಲಿ ಎಂಬ ವೈದ್ಯನು ಅಲ್ಲಿಗೆ ವರ್ಷವರ್ಷವೂ ಬಂದು ಅಳತೆ ಮಾಡಿ ನಕ್ಷೆ ಬರೆದನು. ಅವನು ಬರೆಯುತ್ತಿದ್ದಂತೆಯೇ ಊರಿನ ಜನ ಬಂಡೆಗಳ ಸುತ್ತ ಬೆಂಕಿ ಹಾಕಿ, ಕಾದ ಮೇಲೆ ನೀರು ಹೊಯ್ದು, ಸಿಡಿಸಿ, ಆ ಕಲ್ಲುಗಳಿಂದ ಮನೆ ಕಟ್ಟಿಕೊಳ್ಳುತ್ತಿದ್ದರು. ಇದನ್ನು ಓದಿದಾಗ ವೀರಗಲ್ಲಿನ ಮೇಲೆ ಬಟ್ಟೆ ಒಗೆಯುವ ನಮ್ಮ ಹಳ್ಳಿಗಳು ನೆನಪಾದವು. ಇಂದು ಏವ್‌ಬರಿಯಲ್ಲಿ ಎಷ್ಟೋ ಕಲ್ಲುಗಳಿಲ್ಲ; ಆದರೆ ಅವು ಎಲ್ಲಿದ್ದವೆಂಬುದನ್ನು ಸ್ಟೂಕ್ಲಿಯ ನಕ್ಷೆ ಹೇಳುತ್ತದೆ. ಬರೆದಿಟ್ಟದ್ದು ಉಳಿಯಿತು.

ಆದರೆ ಆ ಕಾಲದ ಅನೇಕರಿಗೆ ಅಗೆಯುವುದೆಂದರೆ ನಿಧಿ ಹುಡುಕುವುದು ಎಂದೇ ಅರ್ಥ. ದಿಬ್ಬದ ನಡುವೆ ಗುಂಡಿ ತೋಡಿ, ಚಿನ್ನವೋ ಕತ್ತಿಯೋ ಸಿಕ್ಕಿದರೆ ತೆಗೆದು, ಉಳಿದುದನ್ನು ಎಸೆದುಬಿಡುವರು. ಈ ಪದ್ಧತಿಯನ್ನು ತಿದ್ದಿದವರಲ್ಲಿ ಮುಖ್ಯನಾದವನು ಸೇನಾಧಿಕಾರಿ ಪಿಟ್-ರಿವರ್ಸ್. ೧೮೮೦ರಲ್ಲಿ ಕ್ರಾನ್‌ಬೋರ್ನ್ ಚೇಸ್ ಎಂಬಲ್ಲಿ ಅವನಿಗೆ ದೊಡ್ಡ ಜಮೀನು ಪಿತ್ರಾರ್ಜಿತವಾಗಿ ಬಂದಿತು. ಅಲ್ಲಿ ಇಪ್ಪತ್ತು ವರ್ಷಗಳ ಕಾಲ ಅಗೆಸಿದ ಆತನ ನಿಲುವು ಇದು: ಅಪರೂಪದ ವಸ್ತುವಿಗಿಂತ ಸಾಮಾನ್ಯ ವಸ್ತುವೇ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಜನಜೀವನವನ್ನು ಹೇಳುವುದು ಅದೇ. ಆದುದರಿಂದ ಮಡಕೆಯ ಚೂರು, ಪ್ರಾಣಿಯ ಮೂಳೆ, ತುಕ್ಕು ಹಿಡಿದ ಮೊಳೆ ಎಲ್ಲವನ್ನೂ ಸಿಕ್ಕಿದ ಸ್ಥಳ ಸಹಿತ ಗುರುತು ಹಾಕಿಸಿದನು. ಅಗೆದ ಗುಂಡಿಯನ್ನು ಮುಚ್ಚುವ ಮೊದಲು ಅದರ ತಳದಲ್ಲಿ ಒಂದು ಲೋಹದ ಬಿಲ್ಲೆಯನ್ನು ಇಡಿಸುತ್ತಿದ್ದನಂತೆ. ಮುಂದೆ ಯಾರಾದರೂ ಅಗೆದರೆ, ಇಲ್ಲಿ ಮೊದಲೇ ಒಬ್ಬನು ಬಂದು ಹೋಗಿದ್ದಾನೆ ಎಂದು ತಿಳಿಯಲಿ ಎಂದು! ಮುಂದೆ ಬರುವವರಲ್ಲಿ ಎಂಥ ನಂಬಿಕೆ!

ಈ ಶಾಸ್ತ್ರದಲ್ಲಿ ಅಗೆಯುವುದು ಕೊನೆಯ ಕೆಲಸ. ನೋಡುವುದು ಮೊದಲ ಕೆಲಸ. ಒಮ್ಮೆ ಅಗೆದ ಮಣ್ಣನ್ನು ಮತ್ತೆ ಮೊದಲಿನಂತೆ ಇಡಲು ಯಾರಿಂದಲೂ ಸಾಧ್ಯವಿಲ್ಲ. ಆದುದರಿಂದ ಮೊದಲು ಹಳೆಯ ಭೂಪಟಗಳನ್ನು ನೋಡುತ್ತಾರೆ, ಹೊಲಗಳ ಹೆಸರುಗಳನ್ನು ಕೇಳುತ್ತಾರೆ. ಉತ್ತು ಮಳೆ ಬಿದ್ದ ಮೇಲೆ ಹೊಲದಲ್ಲಿ ಸಾಲಾಗಿ ನಡೆದು, ಮೇಲೆ ಕಾಣುವ ಚೂರುಗಳನ್ನು ಆಯ್ದು, ಯಾವ ಸಾಲಿನಲ್ಲಿ ಎಷ್ಟು ಸಿಕ್ಕಿದವೆಂದು ಬರೆದುಕೊಳ್ಳುತ್ತಾರೆ. ಇದಕ್ಕೆ ಬೇಕಾದುದು ಕಾಲು, ಕಣ್ಣು ಮತ್ತು ತಾಳ್ಮೆ.

ಆಕಾಶದಿಂದ ನೋಡುವ ವಿದ್ಯೆಯೂ ಒಂದುಂಟು. ಮುಂಬಯಿಯಲ್ಲಿ ಹುಟ್ಟಿದ ಕ್ರಾಫರ್ಡ್ ಎಂಬ ವಿದ್ವಾಂಸನು ಮೊದಲನೆಯ ಮಹಾಯುದ್ಧದಲ್ಲಿ ವಿಮಾನದಲ್ಲಿ ಕುಳಿತು ನೆಲವನ್ನು ನೋಡುವ ಕೆಲಸದಲ್ಲಿದ್ದವನು. ೧೯೨೦ರಲ್ಲಿ ಅವನು ಬ್ರಿಟನ್ನಿನ ಭೂಮಾಪನ ಇಲಾಖೆಯಲ್ಲಿ ಪುರಾತತ್ತ್ವದ ಮೊದಲ ಅಧಿಕಾರಿಯಾದನು. ವಿಮಾನದಿಂದ ತೆಗೆದ ಹೊಲಗಳ ಛಾಯಾಚಿತ್ರಗಳಲ್ಲಿ ಅವನಿಗೆ ನೆಲದ ಮೇಲೆ ನಿಂತವರಿಗೆ ಕಾಣದ ಗೆರೆಗಳು ಕಂಡವು. ಇದರ ಮರ್ಮ ಸರಳವಾದುದು. ಹಿಂದೊಮ್ಮೆ ತೋಡಿ ಮುಚ್ಚಿಹೋದ ಕಂದಕದಲ್ಲಿ ಮಣ್ಣು ಸಡಿಲವಾಗಿದ್ದು ತೇವ ಹೆಚ್ಚು ದಿನ ನಿಲ್ಲುತ್ತದೆ. ಅದರ ಮೇಲಿನ ಪೈರು ಎತ್ತರವಾಗಿ ಹಸಿರಾಗಿ ಬೆಳೆಯುತ್ತದೆ. ಹಳೆಯ ಗೋಡೆಯ ಮೇಲಿನ ಪೈರು ಕುಳ್ಳಾಗಿ ಬೇಗ ಹಳದಿಗೆ ತಿರುಗುತ್ತದೆ. ೧೯೨೫ರಲ್ಲಿ ಇನ್‌ಸಾಲ್ ಎಂಬ ವಿಮಾನ ಚಾಲಕನು ಸ್ಟೋನ್‌ಹೆಂಜ್ ಬಳಿ ಹಾರುವಾಗ ಹೊಲವೊಂದರಲ್ಲಿ ವೃತ್ತಾಕಾರದ ಗುರುತುಗಳನ್ನು ಕಂಡನು. ಅಲ್ಲಿ ಅಗೆದಾಗ, ಸಾವಿರಾರು ವರ್ಷಗಳ ಹಿಂದೆ ಮರದ ಕಂಬಗಳನ್ನು ನೆಟ್ಟಿದ್ದ ಕುಳಿಗಳ ವೃತ್ತಗಳು ದೊರೆತವು. ಅದಕ್ಕೆ ವುಡ್‌ಹೆಂಜ್ ಎಂದು ಹೆಸರಾಯಿತು. ೨೦೧೮ರ ಬೇಸಗೆಯಲ್ಲಿ ಬ್ರಿಟನ್ನಿನಲ್ಲಿ ಮಳೆ ಕೈಕೊಟ್ಟಾಗ ರೈತರಿಗೆ ನಷ್ಟವಾಯಿತು. ಆದರೆ ಒಣಗಿದ ಹೊಲಗಳಲ್ಲಿ ಇಂಥ ಎಷ್ಟೋ ಹೊಸ ಗುರುತುಗಳು ಮೂಡಿದವು.

ಈ ಸಂಗತಿಯನ್ನು ರಜದಲ್ಲಿ ನಮ್ಮ ತಂದೆಯವರಿಗೆ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. “ಹಾಳು ಹಗೇವು ಮುಚ್ಚಿದ ಕಡೆ ಜೋಳ ಹುಲುಸಾಗಿ ಬರೋದು ನಮಗೆ ಗೊತ್ತಿಲ್ಲವೇ?” ಎಂದರು. ಕ್ರಾಫರ್ಡನ ವಿದ್ಯೆ ನಮ್ಮ ಮನೆಯಲ್ಲಿಯೇ ಇದ್ದಿತು. ಅದನ್ನು ಇತಿಹಾಸವೆಂದು ಕರೆಯಬಹುದೆಂಬುದು ಮಾತ್ರ ನಮಗೆ ತಿಳಿದಿರಲಿಲ್ಲ.

ಇನ್ನು ಅಗೆಯುವ ಕ್ರಮ. ಹಳೆಯ ಮನೆಯ ಗೋಡೆಗೆ ಹಬ್ಬಹಬ್ಬಕ್ಕೂ ಬಳಿದ ಸುಣ್ಣವು ಪದರಪದರವಾಗಿ ಕೂಡುವಂತೆ, ಜನ ಬಾಳಿದ ನೆಲವೂ ಪದರಪದರವಾಗಿ ಏರುತ್ತದೆ. ಕದಲದ ನೆಲದಲ್ಲಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಒಂದೇ ಪದರದಲ್ಲಿ ಸಿಕ್ಕಿದ ವಸ್ತುಗಳು ಒಂದನ್ನೊಂದು ವಿವರಿಸುತ್ತವೆ. ಈ ಪದರಗಳನ್ನು ಓದುವುದರಲ್ಲಿ ಪ್ರಸಿದ್ಧನಾದವನು ಮಾರ್ಟಿಮರ್ ವೀಲರ್. ೧೯೩೪ರಿಂದ ೧೯೩೭ರವರೆಗೆ ಅವನು ಡಾರ್ಸೆಟ್ ಪ್ರಾಂತದ ಮೇಡನ್ ಕ್ಯಾಸಲ್ ಎಂಬ ಮಣ್ಣಿನ ಕೋಟೆಯನ್ನು ಶೋಧಿಸಿದನು. ನೆಲವನ್ನು ಚೌಕಗಳಾಗಿ ವಿಂಗಡಿಸಿ, ಚೌಕಗಳ ನಡುವೆ ಮಣ್ಣಿನ ಗೋಡೆಗಳನ್ನು ಹಾಗೆಯೇ ಬಿಟ್ಟು, ಆ ಗೋಡೆಗಳ ಮೈಮೇಲೆ ಪದರಗಳನ್ನು ನೋಡಿ ಗುರುತಿಸುವುದು ಅವನ ಕ್ರಮ. ನೋಡಲು ಬಂದ ಸಾಮಾನ್ಯ ಜನರಿಗೆ ವಿವರಣೆ ನೀಡಿ, ಚಿತ್ರದ ಕಾರ್ಡುಗಳನ್ನು ಮಾರಿ, ಖರ್ಚಿಗೆ ಹಣ ಕೂಡಿಸಿದನು.

ಈ ವೀಲರನ ಹೆಸರು ನಮ್ಮ ನಾಡಿಗೂ ಸೇರಿದುದು. ೧೯೪೪ರಿಂದ ೧೯೪೮ರವರೆಗೆ ಅವನು ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕನಾಗಿದ್ದನು. ೧೯೪೭ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ಅಶೋಕನ ಶಾಸನವಿರುವ ಬೆಟ್ಟದ ಬುಡದಲ್ಲಿಯೇ, ಇದೇ ಕ್ರಮದಿಂದ ಉತ್ಖನನ ನಡೆಸಿದನು. ಅಲ್ಲಿ ಕಲ್ಲುಕೊಡಲಿಯ ಜನರ ಪದರ, ಅದರ ಮೇಲೆ ಬೃಹತ್ ಶಿಲಾಗೋರಿಗಳ ಜನರ ಪದರ, ಅದರ ಮೇಲೆ ಸಾತವಾಹನರ ಕಾಲದ ಪದರ ಒಂದರ ಮೇಲೊಂದು ಕಂಡವು. ಡಾರ್ಸೆಟಿನ ಗುಡ್ಡದಲ್ಲಿ ಪಳಗಿದ ವಿದ್ಯೆ ಮೊಳಕಾಲ್ಮೂರಿನ ಕಲ್ಲುಗುಡ್ಡದಲ್ಲಿ ಫಲ ಕೊಟ್ಟಿತೆನ್ನಬಹುದು.

ವೀಲರನ ಮಾತೆಲ್ಲವೂ ನಿಂತಿತೆಂದಲ್ಲ. ಮೇಡನ್ ಕ್ಯಾಸಲಿನ ಬಾಗಿಲ ಬಳಿ ಸಿಕ್ಕಿದ ಗಾಯಗೊಂಡ ಅಸ್ಥಿಗಳನ್ನು ನೋಡಿ, ರೋಮನ್ ಸೈನ್ಯವು ಒಂದೇ ದಾಳಿಯಲ್ಲಿ ಊರನ್ನು ಕೊಂದಿತೆಂದು ಅವನು ವರ್ಣಿಸಿದ್ದನು. ೨೦೨೫ರಲ್ಲಿ ಪ್ರಕಟವಾದ ಹೊಸ ಕಾಲನಿರ್ಣಯದ ಪ್ರಕಾರ ಆ ಸಾವುಗಳು ಒಂದೇ ದಿನದವಲ್ಲ. ಹಲವು ದಶಕಗಳಲ್ಲಿ ಹರಡಿದವು. ಇದರಿಂದ ವೀಲರನ ಗೌರವಕ್ಕೆ ಕುಂದಿಲ್ಲ. ಸಿಕ್ಕಿದುದನ್ನು ಸಿಕ್ಕಿದಂತೆ ದಾಖಲೆ ಮಾಡಿ ಕಾಪಾಡಿದ್ದರಿಂದಲೇ ಸುಮಾರು ತೊಂಬತ್ತು ವರ್ಷಗಳ ಮೇಲೆ ಅವನನ್ನು ತಿದ್ದಲು ಸಾಧ್ಯವಾಯಿತು.

ಇಷ್ಟನ್ನು ಕೇಳಿದವರಿಗೆ, ಇದು ಜಮೀನುದಾರರ, ವಿದ್ವಾಂಸರ ಕೆಲಸ, ನಮ್ಮಂಥವರದಲ್ಲ ಎಂದು ತೋರಬಹುದು. ಅಂಥವರು ಬೇಸಿಲ್ ಬ್ರೌನನ ಕಥೆಯನ್ನು ಕೇಳಬೇಕು. ೧೮೮೮ರಲ್ಲಿ ಸಫೊಕ್ ಪ್ರಾಂತದಲ್ಲಿ ಹುಟ್ಟಿದ ಇವನು ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ಹೊಲದಲ್ಲಿ ದುಡಿದವನು. ರಾತ್ರಿ ದೀಪದ ಬೆಳಕಿನಲ್ಲಿ ತಾನೇ ಲ್ಯಾಟಿನ್, ಫ್ರೆಂಚ್ ಕಲಿತನು; ಭೂಗೋಳ, ಭೂಗರ್ಭಶಾಸ್ತ್ರ, ಖಗೋಳಶಾಸ್ತ್ರಗಳನ್ನು ಓದಿಕೊಂಡನು. ಸುತ್ತಲ ಹೊಲಗಳಲ್ಲಿ ಅಲೆದು ರೋಮನ್ನರ ಕಾಲದ ಕುರುಹುಗಳನ್ನು ಹುಡುಕುವುದು ಅವನ ಹವ್ಯಾಸ. ಬೇಸಾಯದಲ್ಲಿ ಸೋತ ಮೇಲೆ ಇಪ್ಸ್‌ವಿಚ್ ನಗರದ ವಸ್ತುಸಂಗ್ರಹಾಲಯಕ್ಕೆ ಅಲ್ಪ ಸಂಬಳದ ಮೇಲೆ ಅಗೆಯುವ ಕೆಲಸ ಮಾಡುತ್ತಿದ್ದನು.

ಅದೇ ಪ್ರಾಂತದ ಸಟ್ಟನ್ ಹೂ ಎಂಬಲ್ಲಿ ಈಡಿತ್ ಪ್ರೆಟಿ ಎಂಬ ಮಹಿಳೆಯ ಜಮೀನಿನಲ್ಲಿ ಕೆಲವು ದಿಬ್ಬಗಳಿದ್ದವು. ೧೯೩೮ರಲ್ಲಿ ಆಕೆ ಬ್ರೌನನನ್ನು ಕರೆಸಿ ಅಗೆಯಲು ಹೇಳಿದಳು. ಮರುವರ್ಷ ಮೇ ತಿಂಗಳಲ್ಲಿ ಎಲ್ಲಕ್ಕಿಂತ ದೊಡ್ಡ ದಿಬ್ಬವನ್ನು ತೆಗೆಯುತ್ತಿದ್ದಾಗ ಒಂದು ತುಕ್ಕು ಹಿಡಿದ ಕಬ್ಬಿಣದ ಮೊಳೆ ಕಂಡಿತು. ನಿಧಿಗಳ್ಳನಾಗಿದ್ದರೆ ಅದನ್ನು ಕಿತ್ತೆಸೆದು ಮುಂದೆ ಅಗೆಯುತ್ತಿದ್ದನು. ಬ್ರೌನನು ಕೈ ತಡೆದನು. ಮೊಳೆಯನ್ನು ಇದ್ದಲ್ಲೇ ಬಿಟ್ಟು ಸುತ್ತಲ ಮರಳನ್ನು ಮೆಲ್ಲಗೆ ಸರಿಸಿದನು. ಇನ್ನೊಂದು ಮೊಳೆ, ಮತ್ತೊಂದು, ಸಾಲಾಗಿ ಮೊಳೆಗಳು. ಅದು ಸುಮಾರು ೨೭ ಮೀಟರ್ ಉದ್ದದ ಹಡಗು! ಹಡಗಿನ ಮರವೆಲ್ಲ ಕರಗಿಹೋಗಿತ್ತು. ಉಳಿದಿದ್ದುದು ಮರಳಿನಲ್ಲಿ ಅದರ ಅಚ್ಚು ಮತ್ತು ಮೊಳೆಗಳ ಸಾಲು ಮಾತ್ರ. ಆ ಅಚ್ಚನ್ನು ಕೆಡಿಸದೆ ಬಿಡಿಸಿದ್ದು, ಹನ್ನೆರಡಕ್ಕೆ ಶಾಲೆ ಬಿಟ್ಟವನ ಕೈ. ಹಡಗಿನ ನಡುವೆ ಏಳನೆಯ ಶತಮಾನದ ರಾಜನೊಬ್ಬನ ಗೋರಿಯಿತ್ತು. ಅವನು ಪೂರ್ವ ಆಂಗ್ಲಿಯದ ದೊರೆ ರೆಡ್‌ವಾಲ್ಡ್ ಇರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಸುದ್ದಿ ಹರಡಿತು, ಜುಲೈ ತಿಂಗಳಲ್ಲಿ ಕೇಂಬ್ರಿಜಿನ ವಿದ್ವಾಂಸ ಚಾರ್ಲ್ಸ್ ಫಿಲಿಪ್ಸ್ ಮೇಲ್ವಿಚಾರಣೆ ವಹಿಸಿಕೊಂಡನು. ಚಿನ್ನದ ಆಭರಣಗಳು, ಶಿರಸ್ತ್ರಾಣ, ನಾಣ್ಯಗಳು ಹೊರಬಂದವು. ರಜದಲ್ಲಿ ಬಂದಿದ್ದ ಇಬ್ಬರು ಶಾಲಾ ಉಪಾಧ್ಯಾಯಿನಿಯರು ತೆಗೆದ ನೂರಾರು ಛಾಯಾಚಿತ್ರಗಳು ಇಂದಿಗೂ ಆ ಹಡಗಿಗೆ ಮುಖ್ಯ ಸಾಕ್ಷಿ. ಯುದ್ಧ ತಲೆಯ ಮೇಲೆ ಬಂದಿತ್ತು. ಆಗಸ್ಟ್ ತಿಂಗಳಲ್ಲಿ ಹಳ್ಳಿಯ ಸಭಾಭವನದಲ್ಲಿಯೇ ವಿಚಾರಣೆ ನಡೆದು, ನಿಧಿಯು ಪ್ರೆಟಿಯವಳಿಗೆ ಸೇರಿದುದೆಂದು ತೀರ್ಮಾನವಾಯಿತು. ಆಕೆ ಅದನ್ನೆಲ್ಲ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಮಾಡಿದಳು. ಬ್ರೌನನ ಹೆಸರು ಮಾತ್ರ ಬಹುಕಾಲ ಹಿಂದೆಯೇ ಉಳಿಯಿತು. ಈಚಿನ ವರ್ಷಗಳಲ್ಲಿ ಅದು ಎಲ್ಲರಿಗೂ ತಿಳಿದಿದೆ.

ಸಟ್ಟನ್ ಹೂವಿನಲ್ಲಿ ಸಿಕ್ಕಿದ್ದು ರಾಜನೇ. ನನ್ನ ಪ್ರಶ್ನೆಯ ನೇಗಿಲಿನವನು ಸಿಕ್ಕಿದ್ದು ಯಾರ್ಕ್‌ಷೈರಿನ ವಾರಮ್ ಪರ್ಸಿ ಎಂಬ ಹಾಳೂರಿನಲ್ಲಿ. ಹುಲ್ಲು ಬೆಳೆದ ಕಣಿವೆ, ಪಾಳುಬಿದ್ದ ಒಂದು ಚರ್ಚು, ನೆಲದ ಮೇಲೆ ಮನೆಗಳ ಅಡಿಪಾಯದ ಉಬ್ಬುತಗ್ಗುಗಳು, ಅಲ್ಲಿದ್ದುದು ಇಷ್ಟೇ. ಇಂಥ ಹಾಳೂರುಗಳು ಇಂಗ್ಲೆಂಡಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು. ಅರ್ಥಶಾಸ್ತ್ರದ ಇತಿಹಾಸಕಾರ ಮಾರಿಸ್ ಬೆರೆಸ್‌ಫರ್ಡ್, ಪುರಾತತ್ತ್ವಜ್ಞ ಜಾನ್ ಹರ್ಸ್ಟ್ ಇವರಿಬ್ಬರ ನೇತೃತ್ವದಲ್ಲಿ ೧೯೫೦ರಿಂದ ೧೯೯೦ರವರೆಗೆ ಪ್ರತಿ ಬೇಸಗೆಯಲ್ಲಿಯೂ ಅಲ್ಲಿ ಕೆಲಸ ನಡೆಯಿತು. ಅಗೆದವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳೂ ಸ್ವಯಂಸೇವಕರೂ. ನಲವತ್ತು ವರ್ಷ ಒಂದೇ ಹಳ್ಳಿ! ಅಲ್ಲಿ ದೊರೆತುದು ಚಿನ್ನವಲ್ಲ. ಸುಣ್ಣಕಲ್ಲಿನ ಗೋಡೆಯ ಬುಡ, ಒಲೆಯ ಗುರುತು, ಮಡಕೆಚೂರು, ಬೀಗದ ಕೈ, ಕುರಿಯ ಮೂಳೆ.

ಚರ್ಚಿನ ಅಂಗಳದಿಂದ ಸುಮಾರು ಏಳುನೂರು ಮಂದಿಯ ಅಸ್ಥಿಗಳು ದೊರೆತವು. ಅವನ್ನು ಪರಿಶೀಲಿಸಿದ ವಿಜ್ಞಾನಿಗಳು, ತಾಯಂದಿರು ಮಕ್ಕಳಿಗೆ ಸುಮಾರು ಒಂದೂವರೆ ವರ್ಷದವರೆಗೆ ಮೊಲೆಯುಣಿಸುತ್ತಿದ್ದರೆಂದು ಕಂಡುಕೊಂಡರು. ಅಲ್ಲಿನ ಹದಿನಾಲ್ಕು ವರ್ಷದ ಮಗು ಇಂದಿನ ಹತ್ತು ವರ್ಷದ ಮಗುವಿನಷ್ಟು ಮಾತ್ರ ಎತ್ತರವಿತ್ತೆಂದೂ ಲೆಕ್ಕ ಹಾಕಿದರು. ಈ ಒಂದು ವಾಕ್ಯದಲ್ಲಿ ಎಷ್ಟು ಹಸಿವು, ಎಷ್ಟು ದುಡಿಮೆ ಅಡಗಿದೆ! ಯಾವ ರಾಜನ ಚರಿತ್ರೆ ಇದನ್ನು ಹೇಳೀತು?

ಹಳ್ಳಿ ಹಾಳಾದದ್ದು ಹೇಗೆ? ೧೩೪೮-೪೯ರ ಮಹಾಮಾರಿಯಿಂದ ಎಂದು ಮೊದಲು ತೋರುವುದು ಸಹಜ. ಮಾರಿಯಲ್ಲಿ ಜನ ಸತ್ತರು. ಆದರೆ ಊರು ಉಳಿದಿತ್ತು. ಅದನ್ನು ಕೊನೆಗೊಳಿಸಿದ್ದು ಕುರಿ. ಉಣ್ಣೆಗೆ ಬೆಲೆ ಬಂದಿತ್ತು. ಹೊಲ ಉಳುವ ಹಲವರಿಗಿಂತ ಕುರಿ ಕಾಯುವ ಒಬ್ಬಿಬ್ಬರು ಜಮೀನುದಾರನಿಗೆ ಲಾಭ. ೧೫೦೦ರ ಸುಮಾರಿಗೆ ಉಳಿದಿದ್ದ ಕೊನೆಯ ನಾಲ್ಕು ಮನೆಗಳೂ ತೆರವಾದವು. ಸರ್ಕಾರದ ಹಳೆಯ ವಿಚಾರಣೆಯೊಂದರಲ್ಲಿ ನಾಲ್ಕು ನೇಗಿಲು ನಿಂತವು, ನಾಲ್ಕು ಮನೆ ಬಿದ್ದವು ಎಂಬ ಲೆಕ್ಕವಿದೆ. ಕಾಗದದಲ್ಲಿ ಅವರಿಗೆ ದೊರೆತ ಜಾಗ ಅಷ್ಟೆ. ಉಳಿದ ಮಾತನ್ನೆಲ್ಲ ಮಣ್ಣು ಹೇಳಿತು.

ಹಾಳಾದ ಊರನ್ನು ಅಗೆಯಬಹುದು. ಜನ ಬಾಳುತ್ತಿರುವ ಊರನ್ನು ಅಗೆಯುವುದು ಹೇಗೆ? ಇದಕ್ಕೆ ಈಚೆಗೆ ಕಂಡುಕೊಂಡ ಉಪಾಯ ನನಗೆ ಎಲ್ಲಕ್ಕಿಂತ ಹಿಡಿಸಿತು. ಕೇಂಬ್ರಿಜಿನ ಪುರಾತತ್ತ್ವಜ್ಞೆ ಕರೆಂಜಾ ಲೂಯಿಸ್ ೨೦೦೫ರಿಂದ ಪೂರ್ವ ಇಂಗ್ಲೆಂಡಿನ ಹಳ್ಳಿಗಳಲ್ಲಿ ಶಾಲೆಯ ಮಕ್ಕಳನ್ನೂ ಊರಿನವರನ್ನೂ ಕೂಡಿಸಿ, ಮನೆಮನೆಯ ಹಿತ್ತಿಲಿನಲ್ಲಿ ಒಂದು ಮೀಟರ್ ಚಚ್ಚೌಕದ ಪುಟ್ಟ ಗುಂಡಿಗಳನ್ನು ತೋಡಿಸಿದರು. ಹತ್ತು ಸೆಂಟಿಮೀಟರ್ ಆಳಕ್ಕೆ ಒಮ್ಮೆ ನಿಲ್ಲಿಸಿ, ಮಣ್ಣನ್ನು ಜರಡಿ ಹಿಡಿದು, ಚೂರುಗಳನ್ನು ತೊಳೆದು, ಬೇರೆಬೇರೆ ಚೀಲಗಳಲ್ಲಿ ಗುರುತು ಬರೆದಿಡಬೇಕು. ಕೊನೆಗೆ ಗುಂಡಿ ಮುಚ್ಚಿ ಹುಲ್ಲು ಹಾಸಬೇಕು. ಒಂದು ಗುಂಡಿ ಏನನ್ನೂ ಹೇಳದು. ಆದರೆ ಸುಮಾರು ಐವತ್ತೈದು ಊರುಗಳ ಎರಡು ಸಾವಿರದಷ್ಟು ಗುಂಡಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ೨೦೧೬ರಲ್ಲಿ ಪ್ರಕಟಿಸಿದಾಗ, ಮಹಾಮಾರಿಯ ನಂತರದ ಕಾಲದಲ್ಲಿ ಮಡಕೆಯ ಬಳಕೆ ನೂರಕ್ಕೆ ೪೫ರಷ್ಟು ಇಳಿದುದು ಕಂಡಿತು. ಮಡಕೆ ಒಡೆಯಲು ಮನೆಯಲ್ಲಿ ಜನವೇ ಇರಲಿಲ್ಲ! ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಆ ಮಕ್ಕಳು ಸುಳ್ಳು ಮಾಡಿದರು.

ಇಷ್ಟು ಓದಿದ ಮೇಲೆ ನನ್ನ ಮನಸ್ಸು ನಮ್ಮೂರಿಗೆ ಹೋಗದೆ ಇರಲಿಲ್ಲ. ಅದನ್ನು ಹೇಳದೆ ಮುಗಿಸಿದರೆ ಈ ಲೇಖನ ಅಪ್ರಾಮಾಣಿಕವಾದೀತು.

ನಮ್ಮ ಕಂದಾಯದ ಕಾಗದಗಳಲ್ಲಿ “ಬೇಚರಾಕ್ ಗ್ರಾಮ” ಎಂಬ ಮಾತುಂಟು. ಹೆಸರಿದ್ದು ಜನವಸತಿಯಿಲ್ಲದ ಊರು ಎಂದು ಅರ್ಥ. ನಮ್ಮ ಹೊಲದ ಅಂಚಿನಲ್ಲಿ ಅಂಥದೊಂದು ಹಾಳೂರಿನ ದಿಬ್ಬವಿದೆ, ಇತ್ತು ಎನ್ನಬೇಕು. ಅದರ ಬೂದು ಮಣ್ಣು ಬೆಳೆಗೆ ಒಳ್ಳೆಯದೆಂದು ಸುತ್ತಲಿನವರು ಹಿಂದಿನಿಂದಲೂ ಗಾಡಿಯಲ್ಲಿ ಹೇರುತ್ತಿದ್ದರು. ನಾನು ಕಾಲೇಜಿಗೆ ಸೇರಿದ ವರ್ಷ ಮಳೆಯಿಲ್ಲದೆ ಕೈಯಲ್ಲಿ ಕಾಸಿರಲಿಲ್ಲ. ತಂದೆಯವರು ನಮ್ಮ ಪಾಲಿನ ದಿಬ್ಬದ ಮಣ್ಣನ್ನು ಟ್ರಾಕ್ಟರ್ ಲೆಕ್ಕದಲ್ಲಿ ಮಾರಿದರು. ನಾನೇ ಬುಟ್ಟಿ ಹೊತ್ತು ತುಂಬಿದೆ. ಸಲಿಕೆಗೆ ಬೋಕಿಗಳು ಸಿಕ್ಕುತ್ತಿದ್ದವು. ಒಳಗೆ ಕಪ್ಪು, ಹೊರಗೆ ಕೆಂಪು. ಗೊಬ್ಬರಕ್ಕೆ ಅಡ್ಡಿಯೆಂದು ಆಯ್ದಾಯ್ದು ಬೇಲಿಗೆ ಎಸೆದೆ. ಆ ಹಣದಿಂದ ನನ್ನ ಮೊದಲ ವರ್ಷದ ಶುಲ್ಕ ಕಟ್ಟಿದೆವು.

ಎರಡು ವರ್ಷಗಳ ಮೇಲೆ ಬ್ರಹ್ಮಗಿರಿಯ ಶಿಲಾಗೋರಿಗಳ ಜನರ ಮಡಕೆಗಳನ್ನು ಕುರಿತು ಓದುವಾಗ “ಕಪ್ಪು-ಕೆಂಪು” ಎಂಬ ಮಾತು ಬಂದಿತು. ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಬೇಲಿಯಲ್ಲಿ ಹುಡುಕಿ ಕೆಲವು ಚೂರುಗಳನ್ನು ತಂದಿಟ್ಟುಕೊಂಡಿದ್ದೇನೆ. ಅವು ಯಾವ ಕಾಲದವೆಂದು ಹೇಳಲು ನಾನು ಅಧಿಕಾರಿಯಲ್ಲ; ಬಲ್ಲವರೂ ಪೂರ್ತಿ ಹೇಳಲಾರರು, ಏಕೆಂದರೆ ಚೂರು ಉಳಿದಿದೆ, ಪದರ ಉಳಿದಿಲ್ಲ. ಇತಿಹಾಸವನ್ನು ಮಾರಿ ನಾನು ಇತಿಹಾಸ ಓದಲು ಬಂದೆ. ತಂದೆಯವರನ್ನು ದೂರಲಾರೆ; ಅವರಿಗೆ ಬೇರೆ ದಾರಿಯಿರಲಿಲ್ಲ. ಆದರೆ ತಿಳಿದ ಮೇಲೆ ಸುಮ್ಮನಿರುವುದಕ್ಕೆ ನನಗೆ ನೆವವಿಲ್ಲ.

ಆದರೆ ಇಂಗ್ಲೆಂಡಿನವರಂತೆ ನಾವು ಹಿತ್ತಿಲು ತೋಡಲು ಹೊರಡಬಾರದು. ಅಲ್ಲಿ ಸಂರಕ್ಷಿತ ಸ್ಥಳಗಳನ್ನು ಬಿಟ್ಟು ಉಳಿದೆಡೆ ನೆಲದ ಒಡೆಯನ ಒಪ್ಪಿಗೆ ಸಾಕು. ನಮ್ಮಲ್ಲಿ ಅನುಮತಿಯಿಲ್ಲದೆ ಉತ್ಖನನ ಸಲ್ಲದು, ಮತ್ತು ಅರಿಯದ ಕೈ ಅಗೆದರೆ ನಷ್ಟವೇ ಹೆಚ್ಚು. ಆದರೆ ನೋಡುವುದಕ್ಕೆ, ಬರೆದಿಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ನಮ್ಮ ಕಾಲೇಜಿಗೆ ಎಷ್ಟು ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ! ಪ್ರತಿಯೊಬ್ಬನೂ ರಜದಲ್ಲಿ ತನ್ನೂರಿನ ದಿಬ್ಬ, ವೀರಗಲ್ಲು, ಹಾಳುಬಾವಿ, ಹೊಲಗಳ ಹೆಸರು ಇವುಗಳನ್ನು ಒಂದೊಂದು ಪುಟದಲ್ಲಿ ಬರೆದು ತಂದರೆ, ನಮ್ಮ ಇತಿಹಾಸ ವಿಭಾಗದಲ್ಲಿ ತಾಲ್ಲೂಕಿನದೇ ಒಂದು ಕಡತವಾದೀತು. ಗುರುಗಳು ಇದಕ್ಕೆ ದಾರಿ ತೋರಬೇಕೆಂದು ಬೇಡುತ್ತೇನೆ.

ಕಳೆದ ದಸರೆಯ ರಜದಲ್ಲಿ ನಾನು ತಂದೆಯವರೊಡನೆ ದಿಬ್ಬದ ಉಳಿದ ಭಾಗದ ಮೇಲೆ ಸುತ್ತಾಡಿದೆ. ಎಲ್ಲಿ ಕಲ್ಲಿನ ಸಾಲಿತ್ತು, ಎಲ್ಲಿ ಬೂದಿ ಹೆಚ್ಚಾಗಿತ್ತು, ಎಲ್ಲಿ ಬೀಸುವ ಕಲ್ಲು ಸಿಕ್ಕಿತ್ತು ಎಂದು ಅವರು ಕೋಲಿನಿಂದ ತೋರಿಸಿದರು. ನಾನು ಹೆಜ್ಜೆಯಲ್ಲಿ ಅಳೆದು ನಕ್ಷೆ ಬರೆದುಕೊಂಡೆ. ನಕ್ಷೆ ಒರಟಾಗಿದೆ, ಆದರೆ ಸುಳ್ಳಿಲ್ಲ. ಅದರ ಕೆಳಗೆ ಹೇಳಿದವರು ಎಂದು ತಂದೆಯವರ ಹೆಸರನ್ನೂ, ಬರೆದವನು ಎಂದು ನನ್ನ ಹೆಸರನ್ನೂ ಹಾಕಿದ್ದೇನೆ.